ಡಾಕ್ಟ್ರ ಶಾಪಿನ ಅರ್ಧ ಪಾಲು

ಬಿಡದಿ
7-11-2006, ಮಂಗಳವಾರ

ಪ್ರೀತಿಯ ಪುಟ್ಟಸ್ವಾಮಿ ಸರ್‌ಗೆ ನಯನಳ ನಮಸ್ಕಾರಗಳು.

ಊರವರೆಲ್ಲ ಡಾಕ್ಟ್ರ ಶಾಪು ಎನ್ನುವ, ನಾವಿಬ್ಬರೂ ರೋಗಿ ನೋಡುವ ಕ್ಲಿನಿಕ್ಕನ್ನು ನೀವು ಬೆಂಗಳೂರಿನ ಆಸ್ಪತ್ರೆ ಕಂಪನಿಗೆ ಮಾರಿದ್ದೀರೆಂದು ಕರಪತ್ರ ಅಚ್ಚು ಹಾಕಿಸಿ ಬಸ್ ನಿಲ್ದಾಣದಲ್ಲಿ ಹಂಚಿದೆ. ಅದು ಸುಳ್ಳು. ತಪ್ಪು ನನ್ನದು.

ಕಂಪನಿಯ ಕಾರು ಬಂದು ಹೋದ ಮರುದಿನವೇ ಪೇಂಟರ್ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋದ. ಅವರ ಬೋರ್ಡಿಗೇ ಎಂದುಕೊಂಡೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಕ್ಲಿನಿಕ್ಕು ವೈದ್ಯರ ಕೈಯಲ್ಲೇ ಉಳಿಯಬೇಕೆನ್ನುವ, ನಾನು ಓದಿದ್ದ ಕಿರುಹೊತ್ತಿಗೆಗಳೆಲ್ಲ ತಲೆಯಲ್ಲಿ ಕುಣಿಯುತ್ತಿದ್ದವು. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತ ಪಕ್ಕದ ಕೋಣೆಯಲ್ಲಿ ಕುಳಿತಿದ್ದ ನೀವು ಕಾಣಲಿಲ್ಲ.

ಕರಪತ್ರ ಓದಿ ನೀವು ಕಲ್ಯದಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ದಿನವಾಯಿತು. ಇವತ್ತು ಬೆಳಿಗ್ಗೆ, ಕಸ ಗುಡಿಸುವ ಸಿದ್ದಮ್ಮ ಪೊರಕೆ ಹಿಡಿದುಕೊಂಡೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಅಲ್ಲ ಕಣವ್ವ, ಕಂಪ್ನಿಯವರ್‍ಗೆ ಟೀ ಕೊಟ್ಟೋಳು ನಾನು. ಡಾಕ್ಟ್ರು ಏನಂದ್ರು ಗೊತ್ತಾ? 'ಅರ್ಧ ಪಾಲು ಆ ಹುಡ್ಗೀದು. ಜ್ವರ ಅಂತ ಬಂದೋರ್‍ಗೆಲ್ಲ ಸ್ಕ್ಯಾನಿಂಗ್ ಬರಿ ಅಂತ ಅವಳ್‌ ಹತ್ರ ಹೇಳ್‌ ನೋಡಿ, ಅಟ್ಟಾಡುಸ್ಕೊಂಡ್ ಹೊಡೀತಾಳೆ' ಅಂದ್ರು. ಬೋರ್ಡ್ ಬರ್‍ಸಕ್ಕೆ ಹೇಳಿರೋದು ನಿನ್ ಹೆಸ್ರು ಸೇರ್‍ಸಕ್ಕೆ!"

ಸರ್, ರೋಗಿಗಳ ಬೆಂಚಿನ ಮೇಲೆ ಕುಳಿತು ಅತ್ತೆ. ಆಮೇಲೆ ನಕ್ಕೆ. ನಾಲ್ಕು ದಿನದಿಂದ ಇಳಿಯದಿದ್ದ ಅನ್ನ ಇವತ್ತು ಎರಡು ಸಲ ಬಡಿಸಿಕೊಂಡೆ. ಸಿದ್ದಮ್ಮ ಫೋನ್ ಮಾಡಿದಾಗ ನೀವು, 'ಊರಿಗೆಲ್ಲ ಕರಪತ್ರ ಬರೆದೋಳು ನಂಗೊಂದು ಕಾಗದ ಬರೀಲಿ, ಬತ್ತೀನಿ' ಎಂದಿರಂತೆ. ಇದೇ ಆ ಕಾಗದ.

ಆದರೂ ಒಂದು ಜಗಳ ಉಳಿದಿದೆ. ಅರ್ಧ ಪಾಲು ನನ್ನದೆಂದು ಕಂಪನಿಯವರಿಗೆ ಹೇಳಿದವರು, ಅವರು ಏಕೆ ಬಂದಿದ್ದರೆಂದು ನನಗೂ ಹೇಳಬಹುದಿತ್ತು. ಇಲ್ಲಿ ಕಾರ್ಖಾನೆಗಳು ಹೆಚ್ಚಿದಂತೆ ಅಂಥ ಕಾರುಗಳೂ ಹೆಚ್ಚುತ್ತವೆ. ನಿಮಗೆ ಅರವತ್ತಾರು. ಮುಂದೆ ನಿಮ್ಮ ಪಾಲು ಯಾರಿಗೆ? ಈ ಶಾಪಿನಲ್ಲಿ ಕುಳಿತು ರೋಗಿ ನೋಡುವ ವೈದ್ಯರಿಗೆ ಮಾತ್ರ ಎಂದು ಪಾಲುದಾರಿಕೆ ಪತ್ರದಲ್ಲಿ ಬರೆಸೋಣ. ನನ್ನ ಪಾಲಿಗೂ ಅದೇ ನಿಯಮವಿರಲಿ.

ನಿಮ್ಮ ಹಳೆಯ ರೋಗಿ ದಾಸಮ್ಮ ಇವತ್ತೂ ಬಿಪಿ ನೋಡಿಸಿಕೊಳ್ಳದೆ ಹೋದರು. "ನೀನೂ ಚೆಂದಾಗೇ ನೋಡ್ತೀಯ ಕಣವ್ವ, ಆದ್ರೆ ಕೈಗುಣ ಬರಕ್ಕೆ ಒಸಿ ದಿನ ಬೇಕು" ಎಂದರು. ಆ ದಿನಗಳನ್ನು ನಿಮ್ಮ ಪಕ್ಕದ ಕೋಣೆಯಲ್ಲೇ ಕಳೆಯುವ ಆಸೆ.

ನಿಮ್ಮ ಪಾಲುದಾರಳು,
ನಯನ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅದೇ ಕಂಪನಿ ಕಳೆದ ತಿಂಗಳು ನನಗೂ ಕೆಲಸದ ಪತ್ರ ಕಳಿಸಿತ್ತು. ಮೂರು ವಾರ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಎರಡು ಸಲ ಸಹಿ ಹಾಕಲು ಪೆನ್ನು ತೆಗೆದೆ. ನೀವು ಮಾರಿದ್ದೀರೆಂದು ಅಷ್ಟು ಬೇಗ ನಂಬಿದ್ದು ಅದಕ್ಕೇ. ಒಲ್ಲೆನೆಂದು ಈ ಮಧ್ಯಾಹ್ನ ಅವರಿಗೆ ಬರೆದು ಹಾಕಿದೆ. ಪಾಲುದಾರಿಕೆ ಪತ್ರ ಬರೆಸಲು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ರಾಮನಗರದಲ್ಲಿ ವಕೀಲ ಮುತ್ತುರಾಜು ಅವರ ಮನೆಗೆ ಬನ್ನಿ, ಗೇಟಿನ ಹತ್ತಿರವೇ ನಿಂತಿರುತ್ತೇನೆ.