ಹನ್ನೊಂದು ಗೂಡುಗಳ ಕಾರಣ

ಮೇ 28, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಅಮ್ಮನ ಮಂಡಿ ಆಪರೇಷನ್ ಆಗಿ ಹದಿನೈದು ದಿನವಾದರೂ ಒಂದು ಸಾಲು ಬರೆಯದ ತಮ್ಮನಿಗೆ ನೀನು ಎಷ್ಟು ಬೈದರೂ ಕಡಿಮೆಯೇ. ಫೋನ್ ಮಾಡೋಣವೆಂದರೆ ಭಾವ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ. ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದಳಂತೆ, ಕೇಳಿ ಜೀವಕ್ಕೆ ಹಾಯೆನಿಸಿತು.

ಅಮ್ಮನ ಆರೈಕೆಗೆಂದು ನೀನು ಹೋದ ಮೇಲೆ ನಾನೂ ಭಾವನೂ ಹೊಟ್ಟೆಗೆ ಮೋಸ ಮಾಡಿಕೊಂಡಿಲ್ಲ. ಭಾವ ಅಡುಗೆ ಮಾಡುತ್ತಾರೆ, ನಾನು ನೀರಿನ ಮಿತಬಳಕೆಯ ಬಗ್ಗೆ ಭಾಷಣ ಬಿಗಿಯುತ್ತಾ ಪಾತ್ರೆ ತೊಳೆಯುತ್ತೇನೆ. ಈಗ ಅವರು ನನ್ನನ್ನು ಕರೆಯುವುದೇ 'ಕರಪತ್ರ' ಎಂದು. "ಏನಪ್ಪಾ ಕರಪತ್ರ, ಸಾರಿಗೆ ಉಪ್ಪು ಹಾಕ್ಬಹುದಾ, ಇಲ್ಲ ಅದಕ್ಕೂ ನಿಮ್ಮ ವಿರೋಧ ಇದ್ಯಾ?"

ಪಾರ್ಕಿನ ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕ ಕೆಲಸ ಕೆರೆಯಂಚಿನ ಟಿಟ್ಟಿಭ ಹಕ್ಕಿಗಳ ಗೂಡು ಎಣಿಸುವುದು. ಗೂಡೆಂದರೆ ಕಲ್ಲುಗಳ ನಡುವೆ ಒಂದು ತಗ್ಗು, ಅದರಲ್ಲಿ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಒಮ್ಮೆ ಕಣ್ತಪ್ಪಿದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಗೂಡಿನ ಪಕ್ಕ ಒಂದು ಗೂಟ ನೆಟ್ಟು ಕೆಂಪು ರಿಬ್ಬನ್ ಕಟ್ಟಿದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಉಪಾಯ. ಒಟ್ಟು ಹದಿನಾಲ್ಕು ಗೂಡು. ಹನ್ನೊಂದಕ್ಕೇ ರಿಬ್ಬನ್ ಮುಗಿದುಹೋಯಿತು, ಆಚೆ ದಡದ ಮೂರಕ್ಕೆ ಕಟ್ಟಲಿಲ್ಲ.

ಹತ್ತು ದಿನದ ಹಿಂದೆ ಹೋಗಿ ನೋಡಿದರೆ ಹನ್ನೊಂದೂ ಖಾಲಿ. ನೆಲ ಒದ್ದೆಯಾಗಿತ್ತು. ಭಾವ ನಡೆಸುವ ಪಾರ್ಕಿನ ಮೋಟಾರು ದೋಣಿ ಪ್ರವಾಸಿಗರನ್ನು ಹೊತ್ತು ದಿನಕ್ಕೆ ಎಂಟು ಸಲ ಈಚೆ ದಡದ ಪಕ್ಕದಲ್ಲೇ ಹೋಗುತ್ತಿತ್ತು. ಮೋಟಾರು ದೋಣಿಗಳು ಮಾಡುವ ಹಾನಿಯ ಬಗ್ಗೆಯೇ ನನ್ನ ಚೀಲದಲ್ಲಿ ಮೂರು ಕರಪತ್ರಗಳಿವೆ. ವರದಿಯಲ್ಲಿ 'ಕಾರಣ' ಎಂಬ ಕಲಂ ಇತ್ತು. ಮೇಲ್ವಿಚಾರಕಿ ಮೇಡಂ, "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ್ಲೇ ಬರಿಯಪ್ಪ, ಅದೂ ಒಂದು ಉತ್ತರಾನೇ" ಎಂದರು. ನನಗೆ ಅದು ಹೇಡಿಗಳ ಮಾತೆನಿಸಿತು. 'ದೋಣಿಯ ಅಲೆ' ಎಂದು ಬರೆದೆ. ಮೂರನೆಯ ದಿನ ದೋಣಿ ನಿಂತಿತು. ಭಾವ ಈಗ ಗೇಟಿನಲ್ಲಿ ಟಿಕೆಟ್ ಹರಿಯುತ್ತಾರೆ, ಅದೂ ಮುಂದಿನ ತಿಂಗಳವರೆಗೆ ಮಾತ್ರ. ಆಮೇಲೇನೆಂದು ಯಾರೂ ಹೇಳಿಲ್ಲ. ನಿನಗೆ ತಿಳಿಸಬೇಡ ಎಂದಿದ್ದಾರೆ.

ನಿನ್ನೆ ಬೆಳಿಗ್ಗೆ ಗೂಟ ಕೀಳಲು ಹೋದೆ. ಒಂದು ಕಾಗೆ ಗೂಟದಿಂದ ಗೂಟಕ್ಕೆ ಹಾರಿ, ಒಂದೊಂದರ ಬುಡವನ್ನೂ ಇಣುಕಿ ನೋಡುತ್ತಿತ್ತು, ಥೇಟ್ ನಾನು ನೋಡುವ ಹಾಗೆಯೇ. ಅಲ್ಲಿ ಕೆದಕಿದಾಗ ಕುಕ್ಕಿ ಒಡೆದ ಚಿಪ್ಪು ಸಿಕ್ಕಿತು. ಅಲೆ ಕೊಚ್ಚಿಕೊಂಡು ಹೋಗಿದ್ದರೆ ಚಿಪ್ಪು ಯಾಕೆ ಉಳಿಯಬೇಕು? ಓಡಿಹೋಗಿ ನೋಡಿದೆ, ರಿಬ್ಬನ್ ಇಲ್ಲದ ಮೂರು ಗೂಡುಗಳಲ್ಲಿ ಮೊಟ್ಟೆಗಳು ಭದ್ರವಾಗಿವೆ. ಆದರೆ ಅಕ್ಕ, ಆಚೆ ದಡಕ್ಕೆ ದೋಣಿಯೂ ಹೋಗುವುದಿಲ್ಲವಲ್ಲ. ದೋಣಿಗೆ ಹೆದರಿ ಹಕ್ಕಿ ಎದ್ದಾಗ ಕಾಗೆ ನುಗ್ಗಿತೋ, ನನ್ನ ರಿಬ್ಬನ್ನೇ ಅದಕ್ಕೆ ದಾರಿ ತೋರಿಸಿತೋ? ಕರಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಓದಿದೆ. ಒಂದರಲ್ಲೂ 'ಬಹುಶಃ' ಎಂಬ ಪದವಿಲ್ಲ.

ನಾಳೆ ಮೇಡಂಗೆ ಕಾಗೆಯ ವಿಷಯ ಹೇಳಿದರೆ ದೋಣಿ ಮತ್ತೆ ಬಿಟ್ಟಾರು. ಅದರಿಂದ ಹಕ್ಕಿಗಳಿಗೆ ನಿಜಕ್ಕೂ ಕೇಡಾದರೆ? ಹೇಳದಿದ್ದರೆ ಭಾವನ ಗತಿ? ಹೇಳಹೊರಟಿರುವುದು ಸತ್ಯಕ್ಕಾಗಿಯೋ, ಮನೆಯವರೆಂಬ ಮೋಹಕ್ಕಾಗಿಯೋ, ಅದೂ ತಿಳಿಯುತ್ತಿಲ್ಲ. ತಲೆ ಕಲಸಿದ ಹಿಟ್ಟಾಗಿದೆ. ದೊಡ್ಡವಳು ನೀನು, ಒಂದು ದಾರಿ ಹೇಳು.

ಅಮ್ಮನ ಕಾಲು ಬೇಗ ಗಟ್ಟಿಯಾಗಲಿ. ಅವಳ ಆಶೀರ್ವಾದ, ನಿನ್ನ ಬೈಗುಳ ಎರಡೂ ಒಂದೇ ಲಕೋಟೆಯಲ್ಲಿ ಬರಲಿ.

ನಿನ್ನ ತಮ್ಮ

ಮೇಲೆ ಬರೆಯಲು ಕೈ ಬಾರದ ಮಾತು: ದೋಣಿ ನಿಲ್ಲಿಸುವ ಮುಂಚೆ ಮೇಡಂ ಭಾವನನ್ನು ಕರೆಸಿ, ತಕರಾರಿದ್ದರೆ ಬರೆದುಕೊಡಿ ಎಂದಿದ್ದರು. ಭಾವ ನೇರ ನನ್ನ ಹತ್ತಿರ ಬಂದರು. "ಅಲೆಯಿಂದ್ಲೇ ಹೋಗಿದ್ದು ಅಂತ ನೀನು ಕಣ್ಣಾರೆ ನೋಡಿದ್ಯಾ?" ಎಂದು ಕೇಳಿದರು. ನಾನು ಹೂಂ ಅಂದೆ. "ಹಾಗಾದ್ರೆ ಸರಿ ಬಿಡು, ನೀನು ಸುಳ್ಳು ಹೇಳೋನಲ್ಲ" ಎಂದು ಹೋಗಿ ದೋಣಿಯ ಕೀಲಿ ಕೊಟ್ಟುಬಂದರು.