ಬಲಗಡೆ ಕೂರುವವಳು

ಕ್ಲಾಂಡಾಲ್ಕಿನ್, ಡಬ್ಲಿನ್
ಅಕ್ಟೋಬರ್ 13, 2024, ಭಾನುವಾರ

ಪ್ರೀತಿಯ ತಂಗಿ ವಿನೋದಿನಿಗೆ, ನಿನ್ನ ವಾಸಂತಿ ಅಕ್ಕನಿಂದ,

ಅಪ್ಪ ಕಾಗದ ಬರೆಯಲು ಕೂತರೆ ಮೊದಲು "ಉಭಯ ಕುಶಲೋಪರಿ" ಎಂದೇ ಬರೆಯುತ್ತಿದ್ದರಲ್ಲ, ನನ್ನ ಕೈಯೂ ಅಲ್ಲಿಗೇ ಹೋಯಿತು. ಆದರೆ ಎರಡೂ ಕಡೆಯ ಕುಶಲವನ್ನು ನಾನೇ ಬರೆದುಬಿಡುವುದು ಸುಳ್ಳಾಗುತ್ತದೆ ಅನಿಸಿ ನಿಲ್ಲಿಸಿದೆ. ಆದ್ದರಿಂದ ನಿಮ್ಮ ಕಡೆಯ ಕುಶಲವನ್ನಷ್ಟೇ ಕೇಳುತ್ತೇನೆ. ನಿಸರ್ಗಾ ಅತ್ತೆಮನೆಗೆ ಹೊಂದಿಕೊಂಡಳೇ? ಅಳಿಯಂದಿರು ಮಾತಾಡುತ್ತಾರೋ, ಇಲ್ಲ ನಮ್ಮ ಮನೆಯ ಗಂಡಸರ ಹಾಗೆ ಊಟ ಮುಗಿಯುವ ತನಕ ಬಾಯಿ ಬಿಡುವುದಿಲ್ಲವೋ?

ನೀನು ಮುನಿಸಿಕೊಂಡಿದ್ದೀಯೆಂದು ಗೊತ್ತು ವಿನೂ. ಸ್ವಂತ ತಂಗಿಯ ಮಗಳ ಮದುವೆಗೆ ಬಾರದೆ, "ಮಂಡಿನೋವು" ಎಂದು ಒಂದು ಮೆಸೇಜು ಹಾಕಿ ಸುಮ್ಮನಾದವಳ ಮೇಲೆ ಮುನಿಸಿಕೊಳ್ಳದೆ ಪೂಜೆ ಮಾಡುತ್ತಾರೆಯೇ? ನನ್ನ ಮಂಡಿಗೆ ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದೆ ಕಣೇ. ನಿಸರ್ಗಾಳಿಗೆಂದು ತೆಗೆದಿಟ್ಟ ಸೀರೆ ಇನ್ನೂ ಬೀರುವಿನಲ್ಲೇ ಇದೆ. ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀಯ. ನಿನ್ನ ಭಾವ ಈಗ ಸದಾ ನನ್ನ ಬೆನ್ನ ಹಿಂದೆಯೇ ಇರುತ್ತಾರೆ. ನಾನು ಅಡುಗೆಮನೆಗೆ ಹೋದರೆ ಅಲ್ಲಿಗೆ, ಬಟ್ಟೆ ಒಣಹಾಕಲು ಹೋದರೆ ಅಲ್ಲಿಗೆ. ಅವರ ವಿಷಯವನ್ನು ಅವರ ಮುಂದೆಯೇ ಹೇಗೆ ಹೇಳಲಿ? ಈಗ ಊಟ ಮಾಡಿ ಸ್ವಲ್ಪ ಮಲಗಿದ್ದಾರೆ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಬೈಯಬೇಡ, ಕನ್ನಡ ಬರೆದು ಯಾವ ಕಾಲವಾಯಿತೋ.

ನಮ್ಮ ಬ್ಯೂಕ್ ಕಾರು ನೆನಪಿದೆಯಲ್ಲ? ನೀನು ಬಂದಿದ್ದಾಗ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿ, "ಅಕ್ಕಾ, ಇದು ಕಾರಲ್ಲ ಕಣೇ, ಕಲ್ಯಾಣ ಮಂಟಪ" ಎಂದಿದ್ದೆ. ಅದನ್ನು ನಮಗೆ ಮಾರಿದ್ದು ಡೋನಲ್ ಎಂಬ ಮುದುಕಪ್ಪ. ಬಾಸ್ಟನ್ನಿನಲ್ಲಿ ಬಸ್ಸು ಓಡಿಸಿ, ಕೊನೆಗಾಲಕ್ಕೆ ಊರಿಗೆ ವಾಪಸು ಬರುವಾಗ ಹೆಂಡತಿಯನ್ನೂ ಕಾರನ್ನೂ ಕರೆತಂದಿದ್ದ. ನಿನ್ನ ಭಾವನ ಆಸ್ಪತ್ರೆಯಲ್ಲಿ ಅವನಿಗೆ ಆಪರೇಷನ್ ಆಯಿತು. ಅರಿವಳಿಕೆ ಕೊಡುವ ಡಾಕ್ಟರು ಇವರೇ ತಾನೇ, ಮಂಪರು ಹತ್ತುವ ತನಕ ಕಾರಿನ ವಿಷಯವೇ ಮಾತಾಡುತ್ತಿದ್ದನಂತೆ, ಎಚ್ಚರವಾದ ಕೂಡಲೇ ಬಿಟ್ಟಲ್ಲಿಂದ ಮುಂದುವರಿಸಿದನಂತೆ. ಆಮೇಲೆ ತನಗೆ ಓಡಿಸುವುದಕ್ಕಾಗದೆ ಇವರಿಗೆ ಕೊಟ್ಟ. ಅದು ಮನೆ ಮುಂದೆ ಬಂದು ನಿಂತ ದಿನ ನಾನು ಹಾರಾಡಿಬಿಟ್ಟೆ. "ಈ ಊರಲ್ಲಿ ಇದನ್ನ ಎಲ್ಲಿ ನಿಲ್ಲಿಸ್ತೀರಿ, ನನ್ನ ತಲೆ ಮೇಲಾ?" ಎಂದೆ. ಇವರು ನಗುತ್ತಾ ಬಾಗಿಲು ತೆರೆದು, "ಮೊದಲು ಕೂತು ನೋಡು ವಾಸು" ಎಂದರು. ಸೋಫಾದ ಹಾಗಿತ್ತು. ಕೂತವಳು ಏಳಲಿಲ್ಲ.

ಅಮೆರಿಕದ ಕಾರಾದ್ದರಿಂದ ಸ್ಟಿಯರಿಂಗ್ ಎಡಗಡೆ. ಇಲ್ಲಿಯ ರಸ್ತೆ ನಮ್ಮೂರಿನ ಹಾಗೆಯೇ, ಎಡಕ್ಕೆ ಹೋಗಬೇಕು. ಹಾಗಾಗಿ ಓಡಿಸುವವರು ಫುಟ್‌ಪಾತಿನ ಕಡೆ, ಪಕ್ಕದಲ್ಲಿ ಕೂರುವ ನಾನು ನಡುರಸ್ತೆಯಲ್ಲಿ. ಎದುರಿನಿಂದ ಬರುವ ಡಬಲ್ ಡೆಕ್ಕರ್ ಬಸ್ಸುಗಳೆಲ್ಲ ನನ್ನ ಮೊಣಕೈ ಸವರಿಕೊಂಡೇ ಹೋಗುತ್ತಿದ್ದವು. ಪಾರ್ಕಿಂಗ್ ಚೀಟಿ ತೆಗೆಯುವುದು ನಾನು, ಟೋಲ್ ಗೇಟಿನಲ್ಲಿ ಚಿಲ್ಲರೆ ಹಾಕುವುದು ನಾನು. ಮುಂದೆ ಟ್ರ್ಯಾಕ್ಟರ್ ಸಿಕ್ಕಿಕೊಂಡರೆ ಅದನ್ನು ದಾಟಬಹುದೋ ಇಲ್ಲವೋ ಎಂದು ಕತ್ತು ಚಾಚಿ ನೋಡಿ ಹೇಳುವುದೂ ನಾನೇ. ಇವರು "ವಾಸು, ಬಲಗಡೆ?" ಎನ್ನುವರು. ನಾನು "ಖಾಲಿ, ಹೋಗ್ರಿ" ಎನ್ನುವೆ. ಇಷ್ಟೇ ಮಾತು. ಒಮ್ಮೆ ನಾನು ಮಡಿಲಲ್ಲಿ ಕಡಲೆಕಾಯಿ ಹಾಕಿಕೊಂಡು ಎರಡೂ ಕೈಯಲ್ಲಿ ಬಿಡಿಸುತ್ತಿದ್ದೆ. ಪಕ್ಕದ ಬಸ್ಸಿನ ಡ್ರೈವರು, ಕಾರು ಓಡಿಸುತ್ತಿರುವವಳು ನಾನೇ ಎಂದುಕೊಂಡು ಹೌಹಾರಿ ಹಾರ್ನ್ ಒತ್ತಿದ್ದೇ ಒತ್ತಿದ್ದು. ಅವನಿಗೂ ಎರಡು ಬೀಜ ತೋರಿಸಿ ಬೇಕಾ ಎಂದೆ. ನಿನ್ನ ಭಾವ ನಕ್ಕು ನಕ್ಕು ಕಾರು ಪಕ್ಕಕ್ಕೆ ಹಾಕಬೇಕಾಯಿತು.

ನಾವು ಮೋಸಹೋದದ್ದೂ ಇದರಿಂದಲೇ. ಯಾವಾಗಿನಿಂದ ಇವರಿಗೆ ಮರೆವು ಶುರುವಾಯಿತೋ ದೇವರಿಗೇ ಗೊತ್ತು. ದಾರಿ ಹೇಳುವುದು, ಬೋರ್ಡು ಓದುವುದು, ಹೋಗು ನಿಲ್ಲು ಎನ್ನುವುದು ಎಲ್ಲ ಮೊದಲಿನಿಂದಲೂ ನನ್ನ ಕೆಲಸವೇ ಆಗಿದ್ದರಿಂದ ಏನೂ ತಿಳಿಯಲಿಲ್ಲ. ಬೇರೆ ಮನೆಯಲ್ಲಾದರೆ ಗಂಡ ಮನೆಯ ತಿರುವು ತಪ್ಪಿದ ದಿನವೇ ಹೆಂಡತಿಗೆ ದಿಗಿಲಾಗುತ್ತಿತ್ತು. ನಾನು ತಿರುವು ಬರುವ ಮೊದಲೇ "ಎಡಕ್ಕೆ" ಎಂದು ಬಿಡುತ್ತಿದ್ದೆನಲ್ಲ.

ಬ್ಯಾಲಿನ್‌ಕೊಲಿಗ್‌ನಲ್ಲಿರುವ ಚಾಮರಾಜ ನಿನಗೆ ಗೊತ್ತು, ಇವರ ಮೆಡಿಕಲ್ ಕಾಲೇಜಿನ ಗೆಳೆಯ. ಹೋದ ವರ್ಷ ಬಂದಿದ್ದಾಗ ಇಬ್ಬರೂ ತರಕಾರಿ ತರುತ್ತೇವೆಂದು ಹೊರಟರು. ನನ್ನ ಜಾಗದಲ್ಲಿ ಅವನು ಕೂತ. ವಾಪಸು ಬಂದವನೇ ಚೀಲ ಇಳಿಸಿ, ನನ್ನನ್ನು ಹಿತ್ತಲಿಗೆ ಕರೆದ.

"ಅತ್ತಿಗೆ, ಭಾಸ್ಕರ ರೌಂಡಬೌಟ್‌ನಲ್ಲಿ ಸುತ್ತಿದ ಜಾಗದಲ್ಲೇ ಸುತ್ತುತಾ ಇದ್ದ. ನಾನು ತಮಾಷೆ ಮಾಡ್ತಾವ್ನೆ ಅಂತ ನಕ್ಕೊಂಡು ಕೂತಿದ್ದೆ. ಆಮೇಲೆ ಅವನ ಮುಖ ನೋಡ್ದೆ. ತಮಾಷೆ ಅಲ್ಲ ಅತ್ತಿಗೆ."

ಅವನೂ ಡಾಕ್ಟರೇ, ಮುಂದೆ ಹೇಳಬೇಕಾಗಿರಲಿಲ್ಲ. ಪರೀಕ್ಷೆಗಳಾದವು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ "ಹೇಗಿದ್ದೀರಿ ಡಾಕ್ಟರ್?" ಎಂದರೆ ಇವರು, ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಗ್ರ್ಯಾಂಡ್" ಎಂದರು. ಇದು ಯಾವ ತಿಂಗಳು ಎಂದು ಕೇಳಿದಾಗ ಮಾತ್ರ ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡುವಂತಿರಲಿಲ್ಲ. ಅರಿವಳಿಕೆಯಿಂದ ಎಷ್ಟೋ ಜನರನ್ನು ಹೆಸರು ಹಿಡಿದು ಕರೆದು ಎಬ್ಬಿಸಿದ ಮನುಷ್ಯ ಕಣೇ, ಒಂದು ತಿಂಗಳ ಹೆಸರಿಗಾಗಿ ನನ್ನ ಮುಖ ನೋಡುತ್ತಾ ಕೂತಿದ್ದರು.

ಓಡಿಸಬಾರದು ಎಂದಾಯಿತು. ಕೀಲಿ ಬಚ್ಚಿಟ್ಟೆ. ನಿಸರ್ಗಾಳ ಮದುವೆಗೆ ಟಿಕೆಟ್ ಬುಕ್ ಮಾಡಬೇಕೆಂದಿದ್ದ ವಾರವೇ, ನಾನು ಸ್ನಾನಕ್ಕೆ ಹೋಗಿದ್ದಾಗ ಕೀಲಿ ಹುಡುಕಿ ಒಬ್ಬರೇ ಹೊರಟುಬಿಟ್ಟಿದ್ದಾರೆ. ಶಾಲೆಗೆ ಮಕ್ಕಳು ಹೋಗುವ ಹೊತ್ತು. ರೌಂಡಬೌಟ್ ದಾಟಿ ಕಾರು ಫುಟ್‌ಪಾತ್ ಹತ್ತಿ ಗೋಡೆಗೆ ಗುದ್ದಿತು. ಒಬ್ಬಳು ತಾಯಿ ಮಗುವಿನ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳಂತೆ, ಇಲ್ಲದಿದ್ದರೆ ನಾನು ಇವತ್ತು ಇನ್ನೊಂದು ಥರದ ಕಾಗದ ಬರೆಯಬೇಕಾಗುತ್ತಿತ್ತು. ಪೊಲೀಸಿನವನು ಮನೆಗೆ ಕರೆತಂದ. ಅವನಿಗೆ ಇವರು ಹೇಳಿದ್ದು ಇಷ್ಟೇ: "ಬಲಗಡೆಯಿಂದ ಯಾರೂ ಏನೂ ಹೇಳಲಿಲ್ಲ."

ಮಗಳು ತನ್ವಿ ಸ್ವೋರ್ಡ್ಸ್‌ನ ತನ್ನ ಮನೆಯಿಂದ ಓಡಿಬಂದಳು. ಹೆದರಿದರೆ ಅವಳ ಕನ್ನಡ ಪೂರ್ತಿ ಹೊರಟುಹೋಗುತ್ತದೆ, ಇಂಗ್ಲಿಷಿನಲ್ಲೇ ಕೂಗಾಡಿದಳು. ಕಾರು ಈ ಮನೆಯಲ್ಲಿ ಇರಕೂಡದು ಎಂದಳು. ಅವಳು ಹೇಳಿದ್ದು ಸರಿಯೇ. ಆದರೆ ನಾನು ಒಪ್ಪಲಿಲ್ಲ. ಕಾರನ್ನು ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆವು. ಚಾಮರಾಜನಿಗೆ ಹೇಳಿ ಬ್ಯಾಟರಿ ತೆಗೆಸಿಬಿಟ್ಟೆ. ಯಾಕೆಂದರೆ ಅಷ್ಟರಲ್ಲಿ ನನಗೊಂದು ವಿಷಯ ಗೊತ್ತಾಗಿತ್ತು.

ಆ ಕಾರಿನಲ್ಲಿ ಕೂತಾಗ ಮಾತ್ರ ಇವರು ಇವರಾಗಿರುತ್ತಾರೆ ವಿನೂ. ಸಂಜೆ ಎರಡು ಲೋಟ ಕಾಫಿ ಹಿಡಿದು ನಾವಿಬ್ಬರೂ ನಿಂತ ಕಾರಿನಲ್ಲಿ ಹೋಗಿ ಕೂರುತ್ತೇವೆ. ಇವರು ಸ್ಟಿಯರಿಂಗ್ ಮೇಲೆ ಕೈ ಇಡುತ್ತಾರೆ. ಸ್ವಲ್ಪ ಹೊತ್ತಿಗೆ "ವಾಸು, ಬಲಗಡೆ?" ಎನ್ನುತ್ತಾರೆ. "ಖಾಲಿ, ಹೋಗ್ರಿ" ಎನ್ನುತ್ತೇನೆ. ಆಮೇಲೆ ಮಾತೇ ಮಾತು. ತನ್ವಿ ಹುಟ್ಟಿದ ದಿನ, ಮೈಸೂರಿನ ಹಾಸ್ಟೆಲು, ನೀನು ನಮ್ಮ ಮದುವೆಯಲ್ಲಿ ಇವರ ಚಪ್ಪಲಿ ಬಚ್ಚಿಟ್ಟು ಹಣ ಕಿತ್ತದ್ದು, ಎಲ್ಲ ಬರುತ್ತದೆ. ನಿನ್ನ ಹೆಸರು ಸಲೀಸಾಗಿ ಹೇಳುತ್ತಾರೆ. ಕಾಫಿ ಮುಗಿದು ಇಳಿದು ಮನೆಯೊಳಗೆ ಕಾಲಿಟ್ಟರೆ ಮತ್ತೆ ಮೌನ. ಮನೆಯಲ್ಲಿ ಭಾರೀ ಮರ್ಯಾದಸ್ಥರಾಗಿದ್ದಾರೆ. ತಟ್ಟೆ ಇಟ್ಟರೆ "ಥ್ಯಾಂಕ್ಸ್ ರೀ", ಬಾಗಿಲು ತೆಗೆದರೆ "ನಿಮಗೆ ತೊಂದ್ರೆ ಆಯ್ತು". ಇಷ್ಟು ವರ್ಷ ಒಂದು ಲೋಟ ನೀರಿಗೂ ಥ್ಯಾಂಕ್ಸ್ ಹೇಳದ ಮಹಾನುಭಾವರು! ತನ್ವಿಯ ಕಾರಿನಲ್ಲೂ ಕೂರಿಸಿ ನೋಡಿದೆ. ಅದರಲ್ಲಿ ಎಡಗಡೆ ಸ್ಟಿಯರಿಂಗ್ ಇಲ್ಲ, ಬಲಗಡೆ ನಾನಿಲ್ಲ. ಕಿಟಕಿ ನೋಡುತ್ತಾ ಸುಮ್ಮನೆ ಕೂತಿದ್ದರು.

ಹಾಗಿದ್ದರೆ ಕಾರು ಅಲ್ಲೇ ಇರಲಿ ಬಿಡು ಎನ್ನುತ್ತೀಯ. ನಾನೂ ಅದನ್ನೇ ಅಂದುಕೊಂಡಿದ್ದೆ. ಮೊದಲಾದರೆ ನಮ್ಮ ಬೀದಿಯ ಕೊನೆಯಲ್ಲಿ ಖಾಲಿ ಜಾಗವಿತ್ತು, ಅಲ್ಲಿ ನಿಲ್ಲಿಸುತ್ತಿದ್ದೆವು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಬೀದಿಯಲ್ಲಿ ಸೈಕಲ್ಲಿಗೂ ಜಾಗವಿಲ್ಲ. ಮನೆ ಮುಂದಿನ ಜಾಗದಲ್ಲಿ ನಿಲ್ಲಿಸಿದರೆ ಕಾರಿನ ಹಿಂಭಾಗ ಫುಟ್‌ಪಾತಿಗೆ ಅಡ್ಡವಾಗಿ ಚಾಚುತ್ತದೆ. ಬೀದಿಯವರು ಗೊಣಗಿದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕಾದರೆ ಕೋರ್ಟಿಗೆ ಹೋಗಲಿ ಎಂದು ಸೆರಗು ಸಿಕ್ಕಿಸಿಕೊಂಡೇ ಇದ್ದೆ. ಆದರೆ ನಾಲ್ಕು ಮನೆ ಆಚೆಯ ಸಿನೇಡ್ ಬಂದಳು. ಅವಳು ತನ್ನ ತಾಯಿಯನ್ನು ವೀಲ್‌ಚೇರಿನಲ್ಲಿ ದಿನಾ ತಿರುಗಾಡಿಸುತ್ತಾಳೆ. ನಮ್ಮ ಕಾರಿನಿಂದಾಗಿ ಅವರು ರಸ್ತೆಗಿಳಿಯಬೇಕು, ಮೊನ್ನೆ ಇಳಿಸುವಾಗ ಕುರ್ಚಿ ವಾಲಿ ಆ ಅಜ್ಜಿ ಬಿದ್ದುಬಿಟ್ಟಿದ್ದಾರೆ. ಮುಖವೆಲ್ಲ ತರಚಿತ್ತು. ಸಿನೇಡ್ ಜಗಳವಾಡಲಿಲ್ಲ. ನಮ್ಮ ಬಾಗಿಲಲ್ಲಿ ನಿಂತು ಅತ್ತಳು. ತನಗೂ ಆ ಕಾರೆಂದರೆ ಪ್ರೀತಿ, ಭಾಸ್ಕರ ಅದರಲ್ಲಿ ಕೂತು ನಗುವುದನ್ನು ದಿನಾ ನೋಡುತ್ತೇನೆ ಎಂದಳು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅಳುವವಳ ಹತ್ತಿರ ಏನು ಮಾಡಲಿ? ಅವಳಿಗೂ ನನ್ನ ಹಾಗೆಯೇ ಒಬ್ಬರನ್ನು ಕಾಯುವ ಕೆಲಸ.

ನಾನೇ ತನ್ವಿಗೆ ಫೋನ್ ಮಾಡಿ ಕಾರು ಕೊಟ್ಟುಬಿಡು ಎಂದೆ. ಮದುವೆಗಳಿಗೆ ಬಾಡಿಗೆ ಕಾರು ಕೊಡುವವನೊಬ್ಬ ಶುಕ್ರವಾರ ಬಂದು ಒಯ್ಯುತ್ತಾನೆ. ಇನ್ನು ಅದರಲ್ಲಿ ಮದುವೆ ಹೆಣ್ಣುಗಳು ಕೂರುತ್ತಾರಂತೆ. ನೀನು ಕಲ್ಯಾಣ ಮಂಟಪ ಎಂದದ್ದು ನಿಜವೇ ಆಯಿತು ನೋಡು.

ಇವರು ಎದ್ದ ಸದ್ದಾಯಿತು. ಮುಗಿಸುತ್ತೇನೆ. ನಿಸರ್ಗಾ ಮತ್ತು ಅಳಿಯ ನೂರು ಕಾಲ ಸುಖವಾಗಿರಲಿ, ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರ ಕೂರಲಿ. ಸೀರೆಯನ್ನು ಚಾಮರಾಜ ಡಿಸೆಂಬರಿನಲ್ಲಿ ಊರಿಗೆ ಬರುವಾಗ ತರುತ್ತಾನೆ. ನೀನು ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ಮುನಿಸು ಹೋಗಿದ್ದರೆ ಒಂದು ಸಾಲು ಬರೆ, ಹೋಗಿರದಿದ್ದರೆ ಬೈದಾದರೂ ಬರೆ.

ನಿನಗೂ ಮನೆಯವರೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ವಾಸಂತಿ

ಮತ್ತೆ: ಭಾನುವಾರ, ಅಕ್ಟೋಬರ್ 27

ಕಾಗದವನ್ನು ಅಂಚೆಗೆ ಹಾಕಲು ಆಗಿರಲಿಲ್ಲ. ಹೇಳಿದ್ದ ಶುಕ್ರವಾರವೇ ಕಾರು ಹೋಯಿತು. ಇವರು ಕಿಟಕಿಯಲ್ಲಿ ನಿಂತು ಯಾರದೋ ಕಾರಿಗೆ ಮಾಡುವ ಹಾಗೆ ಕೈಬೀಸಿದರು. ಅಬ್ಬಾ, ಸುಲಭವಾಗಿ ಮುಗಿಯಿತು ಎಂದುಕೊಂಡೆ. ಅವತ್ತು ಸಂಜೆ ನಡುಮನೆಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಹಾಕಿ, ಇವರನ್ನು ಎಡಗಡೆ ಕೂರಿಸಿ, ಕಾಫಿ ಹಿಡಿದು ನಾನು ಬಲಗಡೆ ಕೂತೆ. ಅರ್ಧ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಬಸ್ ಸ್ಟಾಪಿನಲ್ಲಿ ಪರಿಚಯವಿಲ್ಲದವರನ್ನು ಕೇಳುವಷ್ಟು ವಿನಯದಿಂದ ಕೇಳಿದರು.

"ತಪ್ಪು ತಿಳ್ಕೋಬೇಡಿ. ಆ ಕಾರಲ್ಲಿ ನನ್ನ ಬಲಗಡೆ ನನ್ನ ಹೆಂಡ್ತಿ ಕೂತಿದ್ಲು. ಅವಳನ್ನ ಇಳಿಸ್ಕೊಂಡ್ರಾ, ಇಲ್ಲಾ ಕಾರ್ ಜೊತೆ ಅವಳೂ ಹೊರಟೋದ್ಲಾ?"

ಮನೆಯೊಳಗೆ ಇವರಿಗೆ ನಾನು ಯಾರೆಂದು ಗೊತ್ತಿಲ್ಲ ವಿನೂ. ಎಷ್ಟೋ ತಿಂಗಳಾಯಿತು, ಯಾರಿಗೂ ಹೇಳಿಲ್ಲ. ತನ್ವಿಗೂ ಗೊತ್ತಿಲ್ಲ.

"ಇಳಿದಿದ್ದಾರೆ, ಬರ್ತಾರೆ" ಎಂದೆ. ಅಂದಿನಿಂದ ಸಂಜೆ ಬಾಗಿಲ ಹತ್ತಿರ ಕೂತು ಕಾಯುತ್ತಾರೆ. ನಾನು ಎರಡು ಲೋಟ ಕಾಫಿ ತಂದರೆ ಒಂದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಬಲಗಡೆಗೆ ಮುಚ್ಚಿ ಇಡುತ್ತಾರೆ. "ಇದು ಅವಳಿಗೆ" ಎನ್ನುತ್ತಾರೆ. ಇವರು ಎದ್ದು ಒಳಗೆ ಹೋದ ಮೇಲೆ ಆ ಆರಿದ ಕಾಫಿಯನ್ನು ನಾನೇ ಕುಡಿಯುತ್ತೇನೆ.