ಜಗಲಿಯ ಮೇಲೆ ಹುಟ್ಟಿದ ಕಣಜಗಳು

ಹಿರೇಬೆಂಡಿಗೇರಿ, ಜನವರಿ 1941

ಮಾನ್ಯ ಬೇಸಾಯದ ಅಧಿಕಾರಿಗಳೇ,

ನನ್ನ ಕಬ್ಬನ್ನು ನನಗೆ ಕಡಿಯಲು ಬಿಡಿ. ಊರಿಗೆ ಬಂದಿರುವ ಗಾಣದಲ್ಲಿ ನನ್ನ ಪಾಳಿ ಬರುವ ಗುರುವಾರ. ಅದು ತಪ್ಪಿದರೆ ಗಾಣ ಮುಂದಿನ ಊರಿಗೆ ಹೋಗುತ್ತದೆ, ಎರಡು ಎಕರೆ ಕಬ್ಬು ನಿಂತಲ್ಲೇ ಒಣಗುತ್ತದೆ. ಆದರೂ ನಾನು ಕುಡುಗೋಲು ಮುಟ್ಟುವಂತಿಲ್ಲ. ತಾವು ಬಂದು ಹುಳ ಕೊರೆದ ಗಳಗಳನ್ನು ಎಣಿಸುವವರೆಗೆ ಪ್ರಯೋಗದ ಹೊಲದಲ್ಲಿ ಒಂದು ಗಳವನ್ನೂ ಕಡಿಯುವುದಿಲ್ಲವೆಂದು ನಾನೇ ರುಜು ಹಾಕಿದ್ದೇನೆ. ಕಡಿದರೆ ಮುಂದಿನ ವರ್ಷ ಕೆರೆಯ ನೀರು ಬಂದ್ ಎಂಬ ಶರತ್ತೂ ಆ ಕಾಗದದಲ್ಲೇ ಇದೆ. ಕಾರ್ತಿಕದಲ್ಲಿ ಬರುತ್ತೇವೆಂದಿರಿ. ಸಂಕ್ರಾಂತಿಯೂ ಮುಗಿಯಿತು.

ಕಳೆದ ಬೇಸಿಗೆಯಲ್ಲಿ, ಕಬ್ಬಿನ ಸುಳಿ ಕೊರೆಯುವ ಹುಳಕ್ಕೆ ಮದ್ದೆಂದು ತಾವು ಒಂದು ಡಬ್ಬಿ ಕಳಿಸಿದಿರಿ. ಒಳಗೆ ಎಳ್ಳಿಗಿಂತ ಸಣ್ಣ ತತ್ತಿ ಅಂಟಿಸಿದ ಚೀಟಿಗಳು. ಅವುಗಳಿಂದ ಹೊರಬರುವ ಕಣಜ ಆ ಹುಳದ ತತ್ತಿಯೊಳಗೇ ತನ್ನ ತತ್ತಿ ಇಟ್ಟು, ಹುಳ ಹುಟ್ಟದಂತೆ ಮಾಡುತ್ತದಂತೆ. ಜಾಣತನದ ಕೆಲಸ, ಅಲ್ಲಗಳೆಯುವುದಿಲ್ಲ. ಬಂದ ದಿನವೇ ಚೀಟಿಗಳನ್ನು ಕಬ್ಬಿನ ಗರಿಗೆ ಕಟ್ಟಬೇಕೆಂದೂ ಬರೆದಿತ್ತು. ಆದರೆ ಡಬ್ಬಿ ಬಂದದ್ದು ಸೋಮವಾರ. ನಮ್ಮಲ್ಲಿ ಎತ್ತಿಗೆ ನೊಗ ಹೂಡದ ದಿನ ಯಾವುದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲವೇ?

"ಇವತ್ತ ಬಸವಣ್ಣನ ದಿನ, ಹೊಲಕ್ಕ ಕೈ ಹಚ್ಚಬ್ಯಾಡಪಾ," ಎಂದಳು ನಮ್ಮವ್ವ ವೀರವ್ವ. "ಜಗಲಿ ಮ್ಯಾಲ ಇಡು, ನಾಳೆ ಕಟ್ಟೀಯಂತ."

ಡಬ್ಬಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಮಂಗಳವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಕಣಜಗಳು ಧೂಳಿನಂತೆ ಎದ್ದವು. ಕೆಲವು ದೀಪಕ್ಕೆ ಬಿದ್ದವು, ಉಳಿದವು ಬೆಳಕಿಂಡಿಯಿಂದ ಹಾರಿಹೋದವು. ಹೊಲ ಅಲ್ಲಿಂದ ಒಂದು ಹರದಾರಿ ದೂರ. ನಾನು ಖಾಲಿ ಚೀಟಿಗಳನ್ನೇ ಕಟ್ಟಿ ಬಂದೆ, ನಾಚಿಕೆಗೆ 'ಹೇಳಿದಂತೆ ಕಟ್ಟಿದ್ದೇನೆ' ಎಂದು ಬರೆದುಕೊಟ್ಟೆ. ತಪ್ಪು ನನ್ನದೇ.

ಅದನ್ನು ಒಪ್ಪಿಕೊಳ್ಳಲು ಹೋದ ವಾರ ನಿಮ್ಮ ಕಚೇರಿಗೆ ನಡೆದು ಬಂದೆ. ಗುಮಾಸ್ತರು ಕಡತ ಬಿಚ್ಚಿದರು.

"ವರದಿ ಮ್ಯಾಲ ಹೋಗೇತ್ರಿ. ನಿಮ್ಮ ಹೊಲದಾಗ ಕಣಜ ಚಲೋ ಕೆಲಸ ಮಾಡ್ಯಾವ ಅಂತ ಬರದೇತಿ. ಈಗ ಕಣಜನ ಇರಲಿಲ್ಲ ಅಂದ್ರ ಹೆಂಗ್ರಿ?"

"ಹಂಗಾದ್ರ ಕಬ್ಬು ಕಡೀಲೇನ್ರಿ?"

"ಸಾಹೇಬರು ಎಣಸದ ಹೆಂಗ ಕಡೀತೀರಿ?"

ಎಣಿಸದೆ ವರದಿ ಬರೆಯಬಹುದು, ಎಣಿಸದೆ ಕಬ್ಬು ಕಡಿಯಬಾರದು. ಇದು ಯಾವ ಶಾಸ್ತ್ರ? ಸುಳ್ಳು ಹೇಳಿದಾಗ ನನ್ನನ್ನು ನಂಬಿದ ಸರಕಾರ ನಿಜ ಹೇಳಿದಾಗ ಯಾಕೆ ನಂಬುವುದಿಲ್ಲ? ನಿಮ್ಮ ಕಣಜವಾದರೂ ತತ್ತಿ ಕೊರೆದು ಹೊರಗೆ ಬರುತ್ತದೆ. ನನ್ನದೇ ರುಜುವಿನೊಳಗೆ ಸಿಕ್ಕಿಬಿದ್ದ ನನಗೆ ಹೊರಬರುವ ದಾರಿ ಕಾಣುತ್ತಿಲ್ಲ, ಹೆದರಿಕೆಯಾಗುತ್ತಿದೆ.

ಗುರುವಾರದೊಳಗೆ ಬಂದು ಎಣಿಸಿ, ಇಲ್ಲವೇ ನನ್ನ ಹೊಲದ ಹೆಸರನ್ನು ಪ್ರಯೋಗದಿಂದ ಹೊಡೆದುಹಾಕಿ. ಸೋಮವಾರ ಬಂದರೂ ಸರಿಯೇ. ಅವ್ವನನ್ನು ನಾನು ಒಪ್ಪಿಸುತ್ತೇನೆ.

ಇಂತಿ,
ನಿಮ್ಮ ವರದಿಯಲ್ಲಿ ಮಾತ್ರ ಲಾಭ ಕಂಡಿರುವ
ಪರಮೇಶ್ವರಪ್ಪ